ಏಳನೇ ನಂಬರಿನ ಖಾಲಿ ಮನೆ

ಆ ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಕೌಂಟಿ ಸರಕಾರದವರನ್ನು ಬೈಯುತ್ತೇನೆ, ದೋಣಿ ತುಂಬ ಬರುವವರನ್ನು ಬೈಯುತ್ತೇನೆ, ಆ ಸ್ವಾಲೆಹ್‌ನನ್ನಂತೂ ಬಾಯಿ ತುಂಬ ಬೈಯುವವನಿದ್ದೇನೆ. ಆಗ ಯಾರೂ, ಈ ಮುದುಕ ತನ್ನ ಪಾಲಿನ ತಪ್ಪನ್ನು ಮುಚ್ಚಿಟ್ಟ ಎನ್ನಬಾರದು.

ನನ್ನ ಹೆಸರು ಶೆಕುವೆ. ಊರು ಕಿಸಿಮಾನಿ, ನೈರೋಬಿಯಿಂದ ಬಹು ದೂರದ ಒಂದು ಕಡಲ ದ್ವೀಪದಲ್ಲಿ. ಸುಣ್ಣ ಸುಡುವುದು, ಗೋಡೆಗೆ ಗಾರೆ ಬಳಿಯುವುದು ನನ್ನ ಕಸುಬು. ಹವಳದ ಕಲ್ಲನ್ನು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಸೌದೆಯ ಮೇಲೆ ಪೇರಿಸಿ ಸುಟ್ಟರೆ ಸುಣ್ಣ. ಅದೇ ಕಲ್ಲನ್ನು ಅದೇ ಸುಣ್ಣದಲ್ಲಿ ಕೂಡಿಸಿದರೆ ನಮ್ಮ ಊರಿನ ಮನೆ. ನಾನು ಗಾರೆ ಮುಟ್ಟದ ಗೋಡೆ ಈ ಊರಿನಲ್ಲಿ ನಾಲ್ಕೋ ಐದೋ ಇರಬಹುದು. ಓದು ಎಂದರೆ ಮದರಸಾದಲ್ಲಿ ಕಲಿತ ಕುರ್‌ಆನಿನ ಅಕ್ಷರ ಅಷ್ಟೇ. ನಮ್ಮ ಮಾತನ್ನು ಆ ಅಕ್ಷರದಲ್ಲೇ ಬರೆಯುತ್ತೇನೆ, ಇದನ್ನೂ ಹಾಗೆಯೇ ಬರೆದೆ. ಸರಕಾರದ ಅಕ್ಷರದಲ್ಲಿ ನನಗೆ ಅಂಕಿ ಮಾತ್ರ ಗೊತ್ತು.

ನನ್ನ ಚಿಕ್ಕಪ್ಪನ ಮಗ ಅಥ್ಮಾನ್ ಈ ವರ್ಷ ಗಾಳಿ ತಿರುಗುವ ಕಾಲಕ್ಕೆ ಜ್ವರ ಬಂದು ತೀರಿಕೊಂಡ. ಮೂರೇ ದಿನದ ಜ್ವರ. ಅವನ ಹೆಂಡತಿ ಇದ್ದತ್ ಕೂತಳು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ನಾನು ಅವಳಿಗೆ ಬಾವನಾದರೂ ಹೊರಗಿನವನೇ. ನನ್ನ ಹೆಂಡತಿ ಏಶಾ ದಿನವೂ ಒಳಗೆ ಹೋಗಿ ಅವಳ ಜೊತೆ ಕೂರುತ್ತಿದ್ದಳು. ನನ್ನ ಕೆಲಸ ಹೊರಗಿನ ಕಲ್ಲಿನ ಜಗಲಿಯ ಮೇಲೆ. ಇದ್ದತ್ ಕೂತ ಮನೆಯ ಜಗಲಿಯಲ್ಲಿ ಮನೆತನದ ಹಿರಿಯನೊಬ್ಬ ಕೂತಿರಬೇಕು. ಗೊತ್ತಿಲ್ಲದ ಗಂಡಸು ಬಂದು ಒಳಗೆ ಯಾರಿದ್ದಾರೆ ಎಂದು ಕೇಳಿದರೆ, ಯಾರೂ ಇಲ್ಲ ಎನ್ನಬೇಕು. ಹಾಗೆಂದರೆ ಕೇಳಿದವನಿಗೆ ಗೊತ್ತಾಗುತ್ತದೆ: ಒಳಗೆ ಒಬ್ಬಳಿದ್ದಾಳೆ, ದುಃಖದಲ್ಲಿದ್ದಾಳೆ, ನಾನು ಮುಂದಕ್ಕೆ ನಡೆಯಬೇಕು. ಈ ದ್ವೀಪದಲ್ಲಿ ಹಾಲುಹಲ್ಲು ಬಿದ್ದಿರದ ಮಕ್ಕಳಿಗೂ ಇದು ತಿಳಿದಿದೆ. ನನ್ನ ತಾಯಿಯ ಬಾಗಿಲಲ್ಲಿ ನಾನು ಹಾಗೆ ಹೇಳಿದ್ದೇನೆ, ಇಬ್ಬರು ಅತ್ತೆಯರ ಬಾಗಿಲಲ್ಲಿ ಹೇಳಿದ್ದೇನೆ, ನನ್ನ ಅಕ್ಕನ ಬಾಗಿಲಲ್ಲಿ ಹೇಳಿದ್ದೇನೆ. ಯಾರೂ ಅದನ್ನು ಬರೆದುಕೊಂಡು ಹೋಗಿರಲಿಲ್ಲ.

ಈ ಸಲ ಬರೆದುಕೊಂಡರು.

ಅಥ್ಮಾನ್ ಹೋಗಿ ಒಂಬತ್ತನೆಯ ದಿನ. ಬೆಳಗಿನ ಹೊತ್ತು, ಒಳಗೆ ತೆಂಗಿನ ಹಾಲಿನಲ್ಲಿ ಅನ್ನ ಬೇಯುತ್ತಿದ್ದ ವಾಸನೆ ಓಣಿಯ ತುದಿಯವರೆಗೂ ಹರಡಿತ್ತು. ಇಬ್ಬರನ್ನು ಹಿಂದೆ ಕಟ್ಟಿಕೊಂಡು ಒಬ್ಬ ಯುವಕ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟ್ಯಾಬ್ ಎನ್ನುವ ಗಾಜಿನ ಹಲಗೆ. ಹೆಸರು ಅಬೂದ್, ಕೌಂಟಿ ಕಚೇರಿಯವನು, ನಮ್ಮದೇ ಮಾತು ಆಡುವವನು, ಪಟ್ಟಣದ ಒಳ್ಳೆಯ ಮನೆತನದ ಹುಡುಗ.

"ಸಲಾಂ ಅಜ್ಜ. ಈ ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

"ಯಾರೂ ಅಂದ್ರೆ ಒಬ್ರೂ?"

"ಯಾರೂ ಇಲ್ಲ ಮಗಾ."

ಅವನು ತಲೆಯೆತ್ತಿ ಮುರಿದುಬಿದ್ದ ಮಾಳಿಗೆಯ ಕಡೆ ಕೈ ತೋರಿಸಿದ. ಆ ಮನೆಯ ಮುಂಭಾಗದ ಮಾಳಿಗೆ ಬಿದ್ದುಹೋಗಿದೆ. ಹಿಂದಿನ ಎರಡು ಕೋಣೆ, ಅಡುಗೆ ಮನೆಯ ಗರಿಯ ಸೂರು, ಇವಿಷ್ಟರಲ್ಲೇ ಅಥ್ಮಾನನ ಸಂಸಾರ ನಡೆದದ್ದು. "ಯಾವಾಗಿಂದ ಹಿಂಗಿದೆ?" ಎಂದ.

"ನಮ್ಮಜ್ಜನ ಕಾಲದಿಂದ."

ಟ್ಯಾಬಿನ ಮೇಲೆ ಬೆರಳಾಡಿಸಿದ. ಹಿಂದೆ ಸರಿದು ಮನೆಯ ಚಿತ್ರ ತೆಗೆದ. "ತುಂಬಾ ಉಪಕಾರ ಆಯ್ತಜ್ಜ" ಎಂದು ಕೈಮುಟ್ಟಿ ಹೊರಟ. ತಿಳಿದವನು, ಒಂದು ಮಾತಿಗೇ ಅರ್ಥ ಮಾಡಿಕೊಂಡು ಹೋದ ಎಂದು ನಾನು ಮೆಚ್ಚಿಕೊಂಡೆ. ಸಂಜೆ ಮಸೀದಿಯ ಮುಂದೆ ನಾಲ್ಕು ಜನರ ಹತ್ತಿರ ಹೊಗಳಿದೆ ಕೂಡ. ಈಗ ನೆನೆಸಿಕೊಂಡರೆ ನನ್ನ ಕಿವಿಯೇ ಬಿಸಿಯಾಗುತ್ತದೆ. ಮೂಗಿರಲಿಲ್ಲವೇ ಆ ಹುಡುಗನಿಗೆ? ನೂರು ವರ್ಷದ ಹಾಳುಮನೆಯಲ್ಲಿ ಅನ್ನ ಬೇಯಿಸುವವರು ಯಾರು ಎಂದು ಒಂದು ಸಲ ಯೋಚಿಸಬಾರದಿತ್ತೇ?

ಅದಾಗಿ ಐದು ವಾರಕ್ಕೆ ನಾನು ಸುಣ್ಣದ ಗೂಡಿನ ಹತ್ತಿರ ಇದ್ದಾಗ ಏಶಾ ಓಡಿಬಂದಳು. ನನ್ನ ಹೆಂಡತಿ ಓಡುವವಳಲ್ಲ, ಮೊಣಕಾಲು ನೋವಿನವಳು.

"ಬನ್ರೀ, ಬಾಗಿಲಿಗೆ ಮೊಳೆ ಹೊಡೀತಿದಾರೆ!"

ಹೋಗುವಷ್ಟರಲ್ಲಿ ಹೊಡೆದಾಗಿತ್ತು. ಆ ಬಾಗಿಲಿನ ಚೌಕಟ್ಟಿನಲ್ಲಿ ಸರಪಳಿ, ಖರ್ಜೂರದ ಗರಿ, ಮೀನಿನ ಚಿಪ್ಪು ಎಲ್ಲ ಕೆತ್ತಿದೆ. ಎರಡು ಮಳೆಗಾಲ ಕೂತು ಕೆತ್ತಿದ್ದನಂತೆ ಅದನ್ನು ಮಾಡಿದ ಬಡಗಿ. ಅದರ ನಡುಮಧ್ಯಕ್ಕೆ ನಾಲ್ಕು ಮೊಳೆಯಲ್ಲಿ ಒಂದು ಕಾಗದ ಜಡಿದಿದ್ದರು. ಜಗಲಿಯ ಪಕ್ಕದಲ್ಲಿ ಎರಡು ಕಂಬ ನೆಟ್ಟು ನೀಲಿ ತಗಡಿನ ಬೋರ್ಡು ನಿಲ್ಲಿಸಿದ್ದರು. ಅದರ ಮೇಲೆ ನನಗೆ ಓದಲು ಬಂದದ್ದು ಒಂದೇ: 7.

"ಏನಪ್ಪಾ ಇದು?" ಎಂದು ಕೂಲಿಯವರನ್ನು ಕೇಳಿದೆ.

"ಒಳ್ಳೇದೇ ಅಜ್ಜ. ಹಳೇ ಊರುಗಳ ದಾರಿ ಅಂತ ಮಾಡ್ತಿದಾರೆ. ಎಂಟು ಊರು, ಊರಿಗೊಂದು ಮನೆ, ಒಂದೇ ದಿನ. ನಿಮ್ಮದು ಏಳನೇದು. ದೋಣಿ ಬರುತ್ತೆ, ಜನ ಬರ್ತಾರೆ, ನಿಮ್ಮೂರಿಗೆ ಹೆಸರು ಬರುತ್ತೆ."

ಊರಿಗೆ ಹೆಸರು ಮೊದಲೇ ಇತ್ತು, ಹೊಸದಾಗಿ ಬರುವುದೇನು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಒಳ್ಳೆಯದೇ ಎಂದರಲ್ಲ, ಇರಲಿ ಎಂದುಕೊಂಡೆ. ಸುಮ್ಮನಿರುವುದು ನನ್ನ ಹಳೆಯ ಚಾಳಿ. ಏಶಾ ಹೇಳುವಂತೆ, ಸೂರಿಗೆ ಬೆಂಕಿ ಬಿದ್ದರೆ ಅದು ತಾನಾಗಿ ಆರುತ್ತದೋ ಎಂದು ಕಾದು ನೋಡುವವನು ನಾನು.

ಮೊದಲ ಗುರುವಾರ ದೋಣಿ ಬಂತು. ಮೋಟಾರಿನ ಬಿಳಿ ದೋಣಿ, ಹದಿನೈದು ಜನ. ಕೆಲವರು ದೂರದೇಶದ ಬಿಳಿಯರು, ಕೆಲವರು ನೈರೋಬಿಯವರು. ಬಂದವರು ಅತಿಥಿಗಳಲ್ಲವೇ? ನಾವು ಮರ ಹತ್ತಿಸಿ ಎಳನೀರು ಇಳಿಸಿ ಒಬ್ಬೊಬ್ಬರ ಕೈಗೂ ಕೊಟ್ಟೆವು. ಕುಡಿದರು. ಒಬ್ಬಾತ ಕುಡಿದು ಬುರುಡೆ ಎಸೆದು ಗೈಡ್ ಸ್ವಾಲೆಹ್‌ನನ್ನು ಕೇಳಿದ, ಮುಂದಿನ ಊರಿನಲ್ಲೂ ಟಿಕೆಟ್ಟಿನಲ್ಲಿ ಇದು ಸೇರಿದೆಯಾ ಎಂದು. ಸ್ವಾಲೆಹ್ ಸೇರಿದೆ ಎಂದ! ಮುಂದಿನ ಊರಿನವರು ಪಾಪ, ಎಳನೀರು ಇಳಿಸದೆ ಬೈಸಿಕೊಂಡರಂತೆ.

ಈ ಸ್ವಾಲೆಹ್ ಪಟ್ಟಣದವನು. ಹಳದಿ ಅಂಗಿ, ಕತ್ತಿನಲ್ಲಿ ಸೀಟಿ. ಊರಿನ ಹೊರಗೆ ಎತ್ತರದ ಕಲ್ಲುಕಂಬ ನಿಲ್ಲಿಸಿದ ಒಂದು ಗೋರಿ ಇದೆ, ಅದು ಹಡಗು ಕಟ್ಟುತ್ತಿದ್ದ ಒಬ್ಬ ಮೇಸ್ತ್ರಿಯದು, ಅವನ ಮರಿಮೊಮ್ಮಗ ಈಗಲೂ ನಮ್ಮೂರಲ್ಲಿ ದೋಣಿಗೆ ಎಣ್ಣೆ ಬಳಿಯುತ್ತಾನೆ. ಸ್ವಾಲೆಹ್ ಅದನ್ನು ಪರ್ಷಿಯಾದ ರಾಜಕುಮಾರಿಯ ಗೋರಿ ಮಾಡಿದ. ಮರಿಮೊಮ್ಮಗನೇ ಪಕ್ಕದಲ್ಲಿ ನಿಂತು, "ನಮ್ಮ ಮುತ್ತಜ್ಜ ಯಾವಾಗ ಹೆಂಗಸಾದ?" ಎಂದು ಕೇಳಿದ. ಬಂದವರೆಲ್ಲ ನಕ್ಕರು, ಸ್ವಾಲೆಹ್ ಸೀಟಿ ಊದಿದ. ನಮ್ಮೂರಿಗೆಂದು ಇಟ್ಟ ನಲವತ್ತು ನಿಮಿಷ ಮುಗಿದಿತ್ತು.

ನಾನು ಜಗಲಿಯಲ್ಲಿ ಕೂತಿದ್ದೆ. ಒಬ್ಬೊಬ್ಬರೂ ಬಂದು ನನ್ನ ಚಿತ್ರ ತೆಗೆದರು. ಒಬ್ಬಾಕೆ ಕೈಸನ್ನೆಯಲ್ಲಿ ನನ್ನನ್ನು ಸ್ವಲ್ಪ ಆಚೆ ಸರಿ ಎಂದಳು, ಬೋರ್ಡು ಮರೆಯಾಗುತ್ತಿತ್ತಂತೆ. ನಾನು ಸರಿದೆ. ನೋಡಿ, ಸರಿದೆ.

ಮೂರನೆಯ ಗುರುವಾರ ನಡೆದದ್ದನ್ನು ಹೇಳಬೇಕು.

ದೋಣಿ ತಡವಾಗಿ ಬಂತು. ಬಾಂಗ್ ಆಗಿತ್ತು. ಮಸೀದಿ ಮೂವತ್ತು ಹೆಜ್ಜೆ ದೂರ. ಅವರು ಗೋರಿಯ ಹತ್ತಿರ ಇದ್ದಾರೆ, ಇಲ್ಲಿಗೆ ಬರುವಷ್ಟರಲ್ಲಿ ನಮಾಜು ಮುಗಿಸಿಕೊಂಡು ಬರುತ್ತೇನೆ ಎಂದು ಎದ್ದು ಹೋದೆ. ಎರಡನೆಯ ಸಲ ಬಾಗಿದ್ದೆ, ಚೀರಾಟ ಕೇಳಿಸಿತು. ಅಥ್ಮಾನನ ಮನೆಯ ಕಡೆಯಿಂದ. ನಮಾಜು ಮುರಿದು ಎದ್ದು ಓಡಿದೆ. ನನ್ನ ಬದುಕಿನಲ್ಲಿ ಅದೇ ಮೊದಲು.

ಬಾಗಿಲು ತೆರೆದಿತ್ತು. ನಮ್ಮ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ಗೋಡೆ ಎದುರಾಗುತ್ತದೆ, ಬಳಸಿಕೊಂಡು ಒಳಗೆ ಹೋಗಬೇಕು. ಬೀದಿಯ ಕಣ್ಣು ಅಂಗಳಕ್ಕೆ ಬೀಳಬಾರದೆಂದೇ ಹಾಗೆ ಕಟ್ಟಿದ್ದು. ಏಳು ಜನ ಆ ಗೋಡೆಯನ್ನು ಬಳಸಿಕೊಂಡು ಒಳಗೆ ಹೋಗಿದ್ದರು. ನಾನು ಆ ಗೋಡೆಯ ಹೊರಬದಿಯಲ್ಲೇ ನಿಂತೆ. ಒಳಗೆ ನುಗ್ಗಿ ಅವರ ಕುತ್ತಿಗೆ ಹಿಡಿದು ಎಳೆಯಬೇಕು ಎಂದು ಕೈ ತುಡಿಯುತ್ತಿತ್ತು. ಆದರೆ ಒಳಗೆ ಇದ್ದತ್ ಕೂತವಳಿದ್ದಾಳೆ, ನಾನು ಹೇಗೆ ಕಾಲಿಡಲಿ? ಟಿಕೆಟ್ ಹಿಡಿದ ಏಳು ಜನ ಅಪರಿಚಿತರು ಅಂಗಳದಲ್ಲಿ, ಮನೆಯ ಹಿರಿಯ ಹೊಸ್ತಿಲ ಹತ್ತಿರ ನಿಂತು ಗೋಡೆಗೆ ಕೂಗುತ್ತಿದ್ದಾನೆ. "ಹೊರಗೆ ಬನ್ನಿ! ಹೊರಗೆ ಬನ್ರೀ!"

ಚೀರಾಟ ಕೇಳಿ ಬಂದ ಏಶಾ ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಳು. ಆಮೇಲೆ ಅವಳು ಹೇಳಿದ್ದು ಇದು. ನಮ್ಮ ನಾದಿನಿ, ಅಥ್ಮಾನನ ಹೆಂಡತಿ, ಅಡುಗೆ ಮನೆಯ ಮುಂದೆ ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ತಲೆಯ ಮೇಲೆ ಬಟ್ಟೆಯಿಲ್ಲ, ತೋಳು ಬರಿದು, ತನ್ನ ಮನೆಯ ಅಂಗಳದಲ್ಲಿ ಯಾವ ಹೆಂಗಸು ಕೂರುವಂತೆಯೇ. ತಲೆ ಎತ್ತಿದರೆ ಎದುರಿಗೆ ಕೆಂಪು ಟೋಪಿಯ ಒಬ್ಬ ಹೆಂಗಸು ಫೋನು ಹಿಡಿದು ನಿಂತಿದ್ದಾಳೆ, ಅವಳ ಭುಜದ ಮೇಲಿಂದ ಇಣುಕುವ ಇಬ್ಬರು ಗಂಡಸರ ಮುಖ. ಇವಳು ಚೀರಿ ಕೈಯಲ್ಲಿದ್ದ ಕಾಯಿಹೋಳನ್ನು ಬೀಸಿದಳು. ಅದು ಕೆಂಪು ಟೋಪಿಯನ್ನು ಹಾರಿಸಿಕೊಂಡು ಹೋಯಿತು.

ಕೆಂಪು ಟೋಪಿಯ ಆ ನೈರೋಬಿಯ ಹೆಂಗಸು ಓಣಿಗೆ ಬಂದಳು. "ಕ್ಷಮಿಸಿ ಅಮ್ಮ, ತೋರಿಸೋದಕ್ಕೆ ಅಂತ ಕೂರಿಸಿದಾರೆ ಅಂದ್ಕೊಂಡೆ" ಎಂದಳು.

"ತೋರ್ಸೋಕೆ?" ಏಶಾ ಅವಳ ಮುಖದ ಹತ್ತಿರ ಮುಖ ತಂದಳು. "ಗಂಡ ಸತ್ತು ಕೂತಿರೋಳು ನಮ್ಮ ಹುಡುಗಿ. ತೋರ್ಸೋಕಂತೆ! ಆ ಚಿತ್ರ ಅಳಿಸು. ನನ್ನ ಕಣ್ಣ ಮುಂದೆ ಅಳಿಸು. ಹಿಂದಿಂದೂ ತೋರಿಸು."

ಅವಳು ಅಳಿಸಿದಳು. ಅಳುತ್ತಲೇ ಅಳಿಸಿದಳು. ಅವಳ ಮೇಲೆ ನನಗೆ ಸಿಟ್ಟು ನಿಲ್ಲಲಿಲ್ಲ. ನಿಂತದ್ದು ಸ್ವಾಲೆಹ್‌ನ ಮೇಲೆ. ಅವನು ಜಗಲಿಗೆ ಒರಗಿ ಬೀಡಾ ಅಗಿಯುತ್ತಿದ್ದ.

"ಬಾಗಿಲು ತೆಗೆಯೋಕೆ ಯಾರು ಹೇಳಿದ್ದೋ ನಿಂಗೆ?"

"ಸಿಟ್ಟಾಗ್ಬೇಡಿ ಅಜ್ಜ. ಖಾಲಿ ಮನೆ ಅಂತ ಬರೆದಿದೆ. ಬೋರ್ಡು ನೋಡಿ."

"ನಂಗೆ ಬರಲ್ಲ. ನೀನೇ ಓದು."

"ಏಳನೇ ಮನೆ. ಹಾಳುಬಿದ್ದದ್ದು. ಸುಮಾರು ನೂರು ವರ್ಷದಿಂದ ಯಾರೂ ವಾಸವಿಲ್ಲ. ಆಧಾರ, ಸ್ಥಳೀಯ ಹಿರಿಯರ ಹೇಳಿಕೆ."

"ಯಾವ ಹಿರಿಯರು?"

"ನಂಗೇನ್ ಗೊತ್ತು? ಯಾವನೋ ಮುದುಕ ಇಲ್ಲೇ ಬಾಗಿಲಲ್ಲಿ ಕೂತಿದ್ನಂತೆ, ಅವನೇ ಹೇಳಿದ್ನಂತೆ."

ಓಣಿಯಲ್ಲಿ ಊರಿನವರು ಹತ್ತಾರು ಜನ ಸೇರಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ, ಅದು ಅವರ ದೊಡ್ಡತನ. ಬಾಗಿಲಿನ ಕಾಗದವನ್ನೂ ಓದು ಎಂದೆ. ಓದಿದ. ಮೂವತ್ತು ದಿನದೊಳಗೆ ಹಕ್ಕುದಾರರು ಖುದ್ದಾಗಿ ಕಚೇರಿಗೆ ಬಂದು ತಕರಾರು ಹೇಳದಿದ್ದರೆ ಮನೆ ಕೌಂಟಿಗೆ ಸೇರುತ್ತದೆ. ಹಳೆಯ ಕಟ್ಟಡಕ್ಕೆ ಹೊಂದದ ಗರಿಯ ಸೂರನ್ನು ತೆಗೆದುಹಾಕಲಾಗುವುದು. ಅಥ್ಮಾನನ ಅಡುಗೆ ಮನೆ. ಕಾಗದ ಹೊಡೆದು ಇಪ್ಪತ್ತೊಂದು ದಿನ ಆಗಿತ್ತು. ಉಳಿದದ್ದು ಒಂಬತ್ತು. ಇದ್ದತ್ ಮುಗಿಯಲು ಇನ್ನೂ ಎರಡು ತಿಂಗಳು.

"ಮೂರು ವಾರದಿಂದ ಈ ಕಾಗದದ ಮುಂದೆ ನಿಂತು ಕಥೆ ಹೇಳ್ತಿದೀಯಲ್ಲ," ಎಂದೆ, "ಒಂದು ಸಲ ನಮಗೆ ಓದಿ ಹೇಳೋದಕ್ಕೆ ಏನಾಗಿತ್ತು?"

"ನೀವು ಕೇಳ್ಲಿಲ್ಲ."

ಸುಳ್ಳಲ್ಲ, ಕೇಳಿರಲಿಲ್ಲ. ಆದರೂ ಆ ಮಾತಿಗೆ ನಾನು ಅವನನ್ನು ಕ್ಷಮಿಸುವುದಿಲ್ಲ. ಸೀಟಿ ಊದಿಕೊಂಡು ಹೋದ.

ದೋಣಿ ಹೋದ ಮೇಲೆ ಏಶಾ ನನ್ನನ್ನು ಬಾಗಿಲ ಒಳಗಿನ ಗೋಡೆಯ ಹತ್ತಿರ ಕೂರಿಸಿದಳು. ಆಚೆಬದಿಯಲ್ಲಿ, ಪರದೆಯ ಹಿಂದೆ, ನಾದಿನಿ ಕೂತಳು. ಅವಳೇ ಮಾತು ತೆಗೆದಳು.

"ಬಾವ, ನನ್ನ ಎಷ್ಟು ಚೆನ್ನಾಗಿ ಬಚ್ಚಿಟ್ರಿ ಅಂದ್ರೆ ಸರ್ಕಾರದ ಕೈಗೂ ಸಿಗ್ಲಿಲ್ಲ."

ನಾನು ತಲೆ ತಗ್ಗಿಸಿದೆ.

"ಅವರು ಹೋಗಿ ಎರಡು ತಿಂಗಳು. ನಾನು ಹೋಗಿ ನೂರು ವರ್ಷ ಆಯ್ತಂತೆ. ನಂಗೆ ಇದ್ದತ್ ಕೂರೋರು ಯಾರು ಅಂತ?"

ಏಶಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕುಬಿಟ್ಟಳು. ಪರದೆಯ ಹಿಂದೆಯೂ ನಗು ಕೇಳಿಸಿತು, ಅದು ನಡುವೆ ಅಳುವಾಗಿ, ಆಮೇಲೆ ಸುಮ್ಮನಾಯಿತು.

"ಖುದ್ದಾಗಿ ಬರ್ಬೇಕು ಅಂತ ಬರ್ದಿದಾರಮ್ಮ," ಎಂದೆ. "ತೀರಾ ಅಗತ್ಯ ಬಿದ್ರೆ ಹೊರಡಬಹುದು ಅಂತ ಕಾಜಿಗಳು ಒಪ್ತಾರೆ. ದೋಣೀಲಿ ಪರದೆ ಕಟ್ಟಿಸ್ತೀನಿ."

"ಒಪ್ತಾರೆ, ಗೊತ್ತು. ನಾನು ಒಪ್ಪಲ್ಲ. ಇವು ಅವರಿಗೆ ಅಂತ ಇಟ್ಟ ದಿನ ಬಾವ. ಮೂವತ್ತೆಂಟು ವರ್ಷ ಜೊತೇಲಿ ಬಾಳಿದ್ದಕ್ಕೆ ನಾನು ಕೊಡೋದು ಇದೊಂದೇ. ಯಾರೋ ತಗಡು ನಿಲ್ಸಿದ್ರು ಅಂತ ಅದ್ರಲ್ಲಿ ಒಂದು ದಿನ ಕಿತ್ಕೊಡಲ್ಲ. ನೀವು ಹೋಗಿ. ನೀವು ಹೇಳಿದ ಮಾತು, ನೀವೇ ವಾಪಸ್ ತಗೊಂಡ್ಬನ್ನಿ."

"ಒಳಗಿರೋದು ಯಾರು ಅಂತ ಹೆಸರು ಕೇಳ್ತಾರೆ."

"ಹೇಳಿ."

"ಮನೆ ಹೆಂಗಸಿನ ಹೆಸರು, ಹೊರಗಿನ ಗಂಡಸರ ಮುಂದೆ?"

"ಗಂಡಸರ ಮುಂದೇನೇ. ಹೆಸರು ಹೇಳ್ದೆ ಇದ್ದಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು?"

ಮಾರನೆಯ ಬೆಳಿಗ್ಗೆ ಉಬ್ಬರ ನೋಡಿಕೊಂಡು ಸೌದೆ ಸಾಗಿಸುವ ಹಾಯಿದೋಣಿಯಲ್ಲಿ ಪಟ್ಟಣಕ್ಕೆ ಹೋದೆ. ಕಚೇರಿಯಲ್ಲಿ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರಿಸಿದರು. ಕೂರುವುದು ನನಗೆ ಕಷ್ಟವಲ್ಲ. ಆದರೆ ಎದುರು ಗೋಡೆಯ ಮೇಲೆ ಎಂಟು ದೊಡ್ಡ ಚಿತ್ರಗಳಿದ್ದವು, ಏಳನೆಯದು ನಮ್ಮ ಮನೆ. ಅದರ ಜಗಲಿಯ ಮೇಲೆ ನಾನೇ ಕೂತಿದ್ದೆ. ಹಿಂದೆ ಗರಿಯ ಸೂರಿನಿಂದ ಒಲೆಯ ಹೊಗೆ ಏಳುತ್ತಿತ್ತು. ಖಾಲಿ ಮನೆ! ಹೊಗೆ ಕಾಣುವಷ್ಟು ದೊಡ್ಡದು ಮಾಡಿ ಗೋಡೆಗೆ ಹಾಕಿದ್ದಾರೆ, ದಿನವೂ ಅದರ ಮುಂದೆ ಓಡಾಡುತ್ತಾರೆ, ಒಬ್ಬರಿಗೂ ಕಂಡಿಲ್ಲ. ಹೊತ್ತು ಹೋದ ಹಾಗೆ ನನ್ನೊಳಗೆ ಏನೋ ಬಿಸಿಯೇರುತ್ತ ಬಂತು. ಸುಟ್ಟ ಕಲ್ಲಿಗೆ ನೀರು ಬಿದ್ದಾಗ ಅದು ಮೊದಲು ಸುಮ್ಮನಿರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಕುದಿಯುತ್ತದೆ. ಹಾಗೆ.

ಅಬೂದ್ ನನ್ನನ್ನು ಗುರುತಿಸಿದ. ಕುರ್ಚಿ ಕೊಟ್ಟ. ಕೋಣೆಯಲ್ಲಿ ಇನ್ನಿಬ್ಬರು ಗುಮಾಸ್ತರಿದ್ದರು. ನಾನು ವಿಷಯ ಹೇಳಿದೆ.

"ಆದ್ರೆ ಅಜ್ಜ, ಯಾರೂ ಇಲ್ಲ ಅಂತ ನೀವೇ ಹೇಳಿದ್ದಲ್ವಾ?"

"ಹೇಳಿದೆ."

"ಮತ್ತೆ?"

"ನಿಮ್ಮ ತಂದೆ ಇದಾರಾ ಮಗಾ?"

"ಇಲ್ಲ. ತೀರ್ಕೊಂಡು ಆರು ವರ್ಷ ಆಯ್ತು."

"ನಿಮ್ಮಮ್ಮ ಇದ್ದತ್ ಕೂತಿದ್ರಾ?"

"ಕೂತಿದ್ರು."

"ಜಗಲೀಲಿ ಯಾರು ಕೂತಿದ್ರು?"

"ದೊಡ್ಡಪ್ಪ."

"ಹೊರಗಿನೋರು ಕೇಳಿದ್ರೆ ನಿಮ್ಮ ದೊಡ್ಡಪ್ಪ ಏನು ಹೇಳ್ತಿದ್ರು?"

ಅವನು ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿದ. "ಸರ್ವೇ ಮಾಡೋವಾಗ ಅದೆಲ್ಲ ಬರಲ್ಲ ಅಜ್ಜ. ಪ್ರಶ್ನೆ ಇರುತ್ತೆ, ಉತ್ತರ ಬರೀತೀವಿ."

"ನಿಮ್ಮಮ್ಮ ಕೂತಿದ್ದಾಗ ಯಾರೂ ಬಂದು ಉತ್ತರ ಬರ್ಕೊಂಡು ಮನೆ ಕಿತ್ಕೊಳ್ಳಲಿಲ್ಲ. ನೀನು ನಮ್ಮೋನು. ದೂರದೇಶದಿಂದ ಬಂದೋನು ತಪ್ಪು ಮಾಡಿದ್ರೆ ಅವನಿಗೆ ತಿಳೀದು ಅಂತೀನಿ. ನೀನು ಈ ಅನ್ನ ತಿಂದೋನು. ನಿಂಗೆ ತಿಳೀತಿತ್ತು, ತಿಳ್ಕೊಳ್ಳೋಕೆ ನಿಂಗೆ ಪುರುಸೊತ್ತಿರಲಿಲ್ಲ."

ಗುಮಾಸ್ತನೊಬ್ಬ ಕೆಮ್ಮಿದ. ಅಬೂದ್ ಮುಖ ಅರಳಿಸಿ ಮುಂದಕ್ಕೆ ಬಾಗಿದ.

"ಒಂದು ದಾರಿ ಇದೆ ಅಜ್ಜ. ಪಟ್ಟಿಯಿಂದ ತೆಗೆಯೋದೇ ಬೇಡ. ಅವರು ಅಲ್ಲೇ ಇರ್ಲಿ. ಆ ಇದ್ದತ್ತಿನ ಬಿಳಿ ಬಟ್ಟೆ, ಹಳೇ ಒಲೆ, ತೆಂಗಿನಕಾಯಿ ತುರಿಯೋದು… ಬರೋರಿಗೆ ಕಲ್ಲಿಗಿಂತ ಅದೇ ಇಷ್ಟ. ಗುರುವಾರ ಒಂದು ದಿನ, ಒಂದು ಅರ್ಧ ಗಂಟೆ…"

ನನ್ನ ಅಂಗೈ ಮೇಜಿನ ಮೇಲೆ ಬಿತ್ತು. ನಾನು ಹೊಡೆದೆನೆಂದು ನನಗೆ ಗೊತ್ತಾದದ್ದು ಸದ್ದಾದ ಮೇಲೆ. ಚಹಾದ ಲೋಟ ಉರುಳಿ ಕಾಗದಗಳ ಮೇಲೆ ಹರಿಯಿತು.

"ನಿಮ್ಮಮ್ಮನ್ನ ಕೂರಿಸು!" ಎಂದೆ. "ಗುರುವಾರ ನಿಮ್ಮಮ್ಮನ್ನ ಕೂರಿಸಿ ಟಿಕೆಟ್ ಹರಿ! ನಮ್ಮನೆ ಹೆಣ್ಣುಮಗಳ ದುಃಖ ನೋಡೋಕೆ ದೋಣಿ ಕಟ್ಕೊಂಡು ಬರ್ತೀರಾ? ನಾವು ಬದುಕಿರೋದು ನಿಮಗೆ ಬೇಡ. ಸತ್ತಿದೀವಿ ಅಂತ ಬೋರ್ಡು ಬರೀತೀರಿ, ಬದುಕಿದೀವಿ ಅಂದ್ರೆ ಆಟ ಆಡಿ ತೋರ್ಸಿ ಅಂತೀರಿ. ನಮ್ಮ ಊರು ಹಳೇದು ಮಗಾ, ಹಾಳಲ್ಲ. ಪ್ರತಿ ವರ್ಷ ನಾನು ಗಾರೆ ಬಳಿತಿರೋದಕ್ಕೆ ಅದು ನಿಂತಿದೆ. ನಿಂತಿರೋದನ್ನ ನೋಡೋಕೆ ತಾನೇ ಬರ್ತಿದಾರೆ ನಿಮ್ಮ ಜನ?"

ಇಷ್ಟು ಉದ್ದದ ಮಾತನ್ನು ನಾನು ಯಾವತ್ತೂ ಆಡಿರಲಿಲ್ಲ.

ಅಬೂದ್ ಬಟ್ಟೆ ತೆಗೆದುಕೊಂಡು ತಾನೇ ಚಹಾ ಒರೆಸಿದ. ಅವನ ಕಿವಿ ಕೆಂಪಾಗಿತ್ತು. "ತಪ್ಪಾಯ್ತು," ಎಂದ, ಬಹಳ ಮೆತ್ತಗೆ. ಆಮೇಲೆ ಒಂದು ಕಾಗದ ತೆಗೆದ. "ಅವರು ಬರೋಕಾಗಲ್ಲ ಅಂದ್ರೆ ಹೇಳಿಕೆ ಕೊಟ್ಟ ನೀವೇ ಅದನ್ನ ತಿದ್ದಬಹುದು. ಆದ್ರೆ ಕಾರಣ ಬರೀಬೇಕು. ಮೊದಲು ಕೊಟ್ಟಿದ್ದು ಸುಳ್ಳು ಹೇಳಿಕೆ ಅಂತ ಬರೀಬೇಕು. ನಿಮ್ಮ ಹೆಸರಿನ ಮುಂದೆ."

"ಅದು ಸುಳ್ಳಲ್ಲ. ಮರ್ಯಾದೆ."

"ಗೊತ್ತು ಅಜ್ಜ. ಈ ಕಾಗದದಲ್ಲಿ ಅದಕ್ಕೆ ಜಾಗ ಇಲ್ಲ."

ಊರಿನಲ್ಲಿ ರಂಜಾನಿನ ಚಂದ್ರ ಕಂಡಿತು ಎಂದು ನಾನು ಹೇಳಿದರೆ ಜನ ಉಪವಾಸ ಹಿಡಿಯುತ್ತಾರೆ. ಗಡಿಕಲ್ಲಿನ ಜಗಳಕ್ಕೆ ನನ್ನನ್ನು ಕರೆಯುತ್ತಾರೆ, ನಾನು ಎಲ್ಲಿ ತೋರಿಸಿದೆನೋ ಅಲ್ಲಿ ಅಗೆಯುತ್ತಾರೆ. ನನಗೆ ಇರುವ ಆಸ್ತಿ ಅಷ್ಟೇ, ನನ್ನ ಮಾತು. ಸುಳ್ಳುಗಾರ ಎಂದು ಸರಕಾರದ ಕಾಗದದಲ್ಲಿ ಬರೆಸಿಕೊಂಡವನ ಮಾತು ನಾಳೆ ಯಾವನಾದರೂ ಕೇಳುತ್ತಾನೆಯೇ? ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಅವರು ಅವಸರ ಮಾಡಲಿಲ್ಲ, ಅಷ್ಟು ಒಳ್ಳೆಯತನ ಉಳಿದಿತ್ತು.

"ಬರಿ," ಎಂದೆ. "ಶೆಕುವೆ ಸುಳ್ಳು ಹೇಳಿದ ಅಂತ ಬರಿ."

ಬರೆದ. "ಮನೇಲಿ ವಾಸ ಇರೋರ ಹೆಸರು?"

ಮೂವರು ಗಂಡಸರು ನನ್ನ ಬಾಯಿ ನೋಡುತ್ತಿದ್ದರು. ಮೂವತ್ತೆಂಟು ವರ್ಷ ಅವಳನ್ನು ಅಥ್ಮಾನನ ಮನೆಯವರು ಎಂದೇ ಕರೆದವನು ನಾನು. ಇಲ್ಲಿಯೂ ಇಷ್ಟು ಹೊತ್ತು ನಾದಿನಿ ಎಂದೇ ಬರೆದೆ, ಅಭ್ಯಾಸ. ನೀರು ಕೇಳಿ ಕುಡಿದೆ.

"ಮ್ವನಖೇರಿ," ಎಂದೆ. "ಲಾಲಿಯ ಮಗಳು ಮ್ವನಖೇರಿ."

"ಇಲ್ಲಿ ಹೆಬ್ಬೆಟ್ಟು ಹಾಕಿ ಅಜ್ಜ."

"ಹೆಬ್ಬೆಟ್ಟಲ್ಲ. ಪೆನ್ನು ಕೊಡು."

ನನಗೆ ಬರುವ ಅಕ್ಷರದಲ್ಲಿ, ಬಲಗಡೆಯಿಂದ, ನನ್ನ ಹೆಸರು ಬರೆದೆ. ಅಬೂದ್ ಕಾಗದ ತಿರುಗಿಸಿ ನೋಡಿ, "ಇದನ್ನ ಓದೋದು ಹೆಂಗೆ?" ಎಂದ.

"ನಿಮ್ಮಜ್ಜನಿಗೆ ಬರ್ತಿತ್ತು," ಎಂದೆ.

ಮನೆ ಕೌಂಟಿಗೆ ಸೇರುವುದು ನಿಂತಿತು. ಮೊಹರು ಹಾಕಿದ ಕಾಗದ ಕೊಟ್ಟ, ಏಶಾ ಅದನ್ನು ಕುರ್‌ಆನಿನ ಪೆಟ್ಟಿಗೆಯಲ್ಲಿ ಇಟ್ಟಳು. ಆದರೆ ಬೋರ್ಡು ತೆಗೆಯುವುದು ಬೇರೆ ಕಚೇರಿಯಂತೆ. ಹಳೆಯ ಊರುಗಳ ದಾರಿಯ ಪುಸ್ತಕ ಅಚ್ಚಾಗಿದೆ, ವರ್ಷದ ಕೊನೆಯವರೆಗೆ ದೋಣಿಯ ಟಿಕೆಟ್ಟು ಮಾರಿಯಾಗಿದೆ, ಅಲ್ಲಿಯವರೆಗೆ ಏಳನೆಯ ಮನೆ ಖಾಲಿ ಮನೆಯೇ. ಸ್ವಾಲೆಹ್‌ಗೆ ಹೇಳಿ ಕಳಿಸುತ್ತೇನೆ ಎಂದಿದ್ದ ಅಬೂದ್. ಹೇಳಿದನೋ ಇಲ್ಲವೋ, ಗುರುವಾರ ಸ್ವಾಲೆಹ್ ಹನ್ನೆರಡು ಜನರನ್ನು ಕರೆದುಕೊಂಡು ಓಣಿಯೊಳಗೆ ಬಂದ. ಜಗಲಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಈ ಮನೆ ನೂರು ವರ್ಷದಿಂದ…"

ನಾನು ಎದ್ದೆ. ಎದ್ದದ್ದು ಸಾಲದು ಎನ್ನಿಸಿ ಜಗಲಿಯ ಮೇಲೆ ಹತ್ತಿ ನಿಂತೆ.

"ಈ ಮನೇಲಿ ಜನ ಇದಾರೆ," ಎಂದೆ. "ಮ್ವನಖೇರಿ ಅಂತ ಅವರ ಹೆಸರು. ಲಾಲಿಯ ಮಗಳು, ಅಥ್ಮಾನನ ಹೆಂಡತಿ. ಗಂಡನಿಗೆ ಇದ್ದತ್ ಕೂತಿದಾರೆ. ಬೋರ್ಡಿನಲ್ಲಿರೋದು ತಪ್ಪು. ಗೋಡೆ ನೋಡಿ, ಬಾಗಿಲ ಕೆತ್ತನೆ ನೋಡಿ, ಇಲ್ಲಿಂದಲೇ ನೋಡಿ ಹೋಗಿ. ಒಳಗೆ ಯಾರೂ ಕಾಲಿಡೋ ಹಾಗಿಲ್ಲ."

ಕೂಗಿ ಅಭ್ಯಾಸವಿಲ್ಲದ ಗಂಟಲು, ನಡುವೆ ಎರಡು ಸಲ ಒಡೆಯಿತು. ಮುಂದೆ ನಿಂತವರು ಫೋನು ಕೆಳಗಿಳಿಸಿದರು. ಒಬ್ಬ ಮುದುಕ ಟೋಪಿ ತೆಗೆದ. ಸ್ವಾಲೆಹ್ ಸೀಟಿಯನ್ನು ಬೆರಳಲ್ಲಿ ತಿರುವುತ್ತ ನಿಂತ. ಆಗ ಬಾಗಿಲ ಒಳಗಿನ ಗೋಡೆಯ ಹಿಂದಿನಿಂದ ದನಿ ಬಂತು.

"ಬಾವ, ಇನ್ನೂ ಸ್ವಲ್ಪ ಜೋರಾಗಿ ಹೇಳಿ. ಹಿಂದೆ ನಿಂತೋರಿಗೆ ಕೇ‍ಳ್ಸಿರಲ್ಲ."

ಮೊದಲಿನಿಂದ ಇನ್ನೊಮ್ಮೆ ಹೇಳಿದೆ.